ಕೈ ಕೊಟ್ಟರೆ ಮೋಸ, ಕೈ ಹಾಕಿದರೆ ನೆರವು

ಇಂಗ್ಲಿಷಿನಲ್ಲಿ ‘ಗಿವ್ ಮಿ ಎ ಹ್ಯಾಂಡ್’ ಎಂದರೆ ನೆರವಿಗೆ ಬಾ ಎಂಬ ಕರೆ. ಅದನ್ನೇ ಪದಕ್ಕೆ ಪದ ಜೋಡಿಸಿ ‘ನನಗೆ ಕೈ ಕೊಡು’ ಎಂದು ಸೊರಬ ಸೀಮೆಯ ರೈತನ ಮಗಳಿಗೆ ಹೇಳಿದರೆ ಅವಳಿಗೆ ಗಾಬರಿಯಾಗುತ್ತದೆ. ಅವಳ ಮನೆಯಲ್ಲಿ ಕೈ ಕೊಡುವುದು ಮಳೆ. ಶುಂಠಿಯ ದರ ಕೈ ಕೊಡುತ್ತದೆ, ನಾಟಿಯ ದಿನವೇ ಆಳುಗಳು ಕೈ ಕೊಡುತ್ತಾರೆ, ಬಿರುಬೇಸಿಗೆಯಲ್ಲಿ ಬೋರಿನ ಮೋಟಾರು ಕೈ ಕೊಡುತ್ತದೆ. ನಂಬಿದ್ದು ನಡುನೀರಿನಲ್ಲಿ ಬಿಟ್ಟುಹೋದಾಗ ಹೇಳುವ ಮಾತು ಅದು. ಮೂಟೆ ಎತ್ತಲು ಇನ್ನೊಬ್ಬರು ಬೇಕಾದಾಗ ಅವಳ ಅಪ್ಪ ಕೂಗುವುದೇ ಬೇರೆ: ‘ಒಂದ್ ಕೈ ಹಾಕು ಬಾರೋ.’ ಕೈ ಅದೇ, ಜೊತೆಗಿರುವ ಕ್ರಿಯಾಪದ ಮಾತ್ರ ಬೇರೆ. ಅಷ್ಟರಲ್ಲೇ ಮೋಸ ಹೋಗಿ ನೆರವು ಬಂತು.

ಈ ಒಂದು ಅಂಗದ ಸುತ್ತ ನಮ್ಮ ಊರುಗಳ ಅರ್ಧ ವ್ಯವಹಾರ ನಡೆಯುತ್ತದೆ. ಕೈ ಹಿಡಿದರೆ ಮದುವೆ, ಕೈ ಬಿಟ್ಟರೆ ದಿಕ್ಕಿಲ್ಲ. ಕೈ ಎತ್ತಿದರೆ ತನ್ನಿಂದಾಗದೆಂದು ಒಪ್ಪಿಕೊಂಡಂತೆ, ಕೈ ಮಾಡಿದರೆ ಹೊಡೆದಂತೆ, ಕೈ ಚಾಚಿದರೆ ಬೇಡಿದಂತೆ. ಕಚೇರಿಯಲ್ಲಿ ಕಡತ ಮುಂದೆ ಹೋಗಬೇಕಾದರೆ ಯಾರದೋ ಕೈ ಬಿಸಿ ಮಾಡಬೇಕು. ಹಾಕಿದ ದುಡ್ಡು ಹಿಂದಕ್ಕೆ ಬರದಿದ್ದರೆ ಬೆಳೆ ಕೈ ಕಚ್ಚಿತು. ಕಾಗದಪತ್ರವಿಲ್ಲದೆ ನಾಲ್ಕು ದಿನಕ್ಕೆ ತಂದದ್ದು ಕೈಗಡ. ಔಷಧಿ ಒಂದೇ ಆದರೂ ಒಬ್ಬ ವೈದ್ಯರಲ್ಲಿ ಬೇಗ ಗುಣವಾದರೆ ಅದು ಅವರ ಕೈಗುಣ. ಸೊರಬ, ಸಾಗರದ ಗುಡಿಗಾರರು ಗಂಧದ ಕೊರಡಿನಲ್ಲಿ ಎಲೆಬಳ್ಳಿ ಬಿಡಿಸುವಾಗ ಕಲಿಯುವ ಹುಡುಗನ ಬಗ್ಗೆ ‘ಇನ್ನೂ ಕೈ ಕೂತಿಲ್ಲ’ ಎನ್ನುತ್ತಾರೆ, ಕಲಿತವನ ಬಗ್ಗೆ ‘ಕೈ ಪಳಗಿದೆ’ ಎನ್ನುತ್ತಾರೆ. ಕಾಡಿನಿಂದ ತಂದ ಆನೆಯನ್ನು ಪಳಗಿಸುವ ಹಾಗೆ ಕೈಯನ್ನೂ ಪಳಗಿಸಬೇಕು ಎಂಬ ಈ ತಿಳಿವಳಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇಂಗ್ಲಿಷಿನವರು ಅನುಭವಸ್ಥನನ್ನು ‘ಓಲ್ಡ್ ಹ್ಯಾಂಡ್’ ಎನ್ನುತ್ತಾರೆ. ಅಲ್ಲಿ ಕೈಗೆ ವಯಸ್ಸಾಗಿದೆ, ಇಲ್ಲಿ ಕೈ ಮಾತು ಕೇಳಲು ಕಲಿತಿದೆ.

ಶಿಕಾರಿಪುರ ಮತ್ತು ಸೊರಬ ಶಿವಮೊಗ್ಗ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳು. ಮಲೆನಾಡು ಮುಗಿದು ಬಯಲು ಶುರುವಾಗುವ ಅಂಚು. ಒಂದು ಬದಿಗೆ ಸಾಗರ, ಸಿದ್ದಾಪುರ, ಶಿರಸಿ, ಇನ್ನೊಂದು ಬದಿಗೆ ಹಾನಗಲ್ಲು, ಹಿರೇಕೆರೂರು, ಹೊನ್ನಾಳಿ. ಹೀಗಾಗಿ ಮಾತೂ ಬೆರಕೆ. ಹಾವೇರಿಯ ಗಾಳಿ ತಾಗುವ ಕಡೆ ತಲೆ ‘ತಲಿ’ ಆಗುತ್ತದೆ, ಹೊಟ್ಟೆ ‘ಹೊಟ್ಟಿ’, ಎದೆ ‘ಎದಿ’. ಅಡಕೆ ತೋಟದ ಕಡೆ ಹೋದರೆ ಚಿಂತೆಗೆ ‘ತಲೆಬಿಸಿ’, ‘ಮಂಡೆಬಿಸಿ’ ಎಂಬ ಮಾತುಗಳು. ಶಿರಾಳಕೊಪ್ಪದ ಪೇಟೆಯಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ತೋಟದ ಮನೆಗಳಲ್ಲಿ ಹವ್ಯಕರ ಕನ್ನಡ, ದೀವರ ಕೇರಿಗಳಲ್ಲಿ ಅವರದೇ ಧಾಟಿಯ ಕನ್ನಡ. ಇಷ್ಟು ಬಾಯಿಗಳ ನಡುವೆ ಬೆಳೆದ ಮಗು ಇಂಗ್ಲಿಷ್ ತರಗತಿಗೆ ಬರುವ ಹೊತ್ತಿಗೆ ದೇಹದ ಅಂಗಗಳಿಂದ ಮಾತು ಕಟ್ಟುವುದನ್ನು ಚೆನ್ನಾಗಿ ಕಲಿತಿರುತ್ತದೆ. ನಾವು ಆ ವಿದ್ಯೆಯನ್ನು ಬಾಗಿಲ ಹೊರಗೆ ಬಿಡಿಸಿ, ಒಳಗೆ ಹೊಸದಾಗಿ ಇಂಗ್ಲಿಷ್ ನುಡಿಗಟ್ಟುಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಿಸುತ್ತೇವೆ. ಇದು ಸರಿಯಲ್ಲ ಎಂಬುದೇ ಈ ಬರಹದ ಅಹವಾಲು.

ಅಂಗವೊಂದನ್ನು ತೋರಿಸಿ ಇಡೀ ಕಥೆ ಹೇಳುವುದು ಈ ನೆಲಕ್ಕೆ ಹೊಸತಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಕದಂಬರ ಶಾಸನ ಸ್ತಂಭವಿದೆ. ಐದನೇ ಶತಮಾನದ ಈ ಸಂಸ್ಕೃತ ಶಾಸನ ಶಾಂತಿವರ್ಮನ ಕಾಲದ್ದು. ಬರೆದ ಕವಿಯ ಹೆಸರು ಕುಬ್ಜ. ಆ ಹೆಸರೇ ಒಂದು ಮೈಯ ವರ್ಣನೆ. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ಅವಮಾನದಿಂದ ಕುದಿದು, ವೇದ ಬಿಟ್ಟು ಯುದ್ಧಕ್ಕೆ ನಿಂತ ಕಥೆ ಅದರಲ್ಲಿದೆ. ಆ ತಿರುವನ್ನು ಹೇಳಲು ಕುಬ್ಜ ಆರಿಸಿಕೊಂಡದ್ದು ಕೈಯನ್ನು. ದರ್ಭೆ, ಸಮಿತ್ತು, ಹೋಮದ ಸೌಟು ಹಿಡಿದು ಪಳಗಿದ್ದ ಕೈ ಹೊಳೆಯುವ ಕತ್ತಿಯನ್ನು ಹಿರಿಯಿತು ಎಂದು ಅವನು ಬರೆಯುತ್ತಾನೆ. ಹಿಡಿದ ವಸ್ತು ಬದಲಾದದ್ದನ್ನು ತೋರಿಸಿದರೆ ಸಾಕಾಯಿತು, ಒಂದು ರಾಜವಂಶದ ಹುಟ್ಟು ಕಣ್ಣಿಗೆ ಕಟ್ಟಿತು. ಇದೇ ಆವರಣದಲ್ಲಿ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರ ಸುಮಾರಿನದೆಂದು ಗುರುತಿಸಿ, ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡವೆಂದು ವಿದ್ವಾಂಸರು ಹೇಳಿದ್ದಾರೆ. ತಾಳಗುಂದ ನುಡಿಯ ವಿಚಾರದಲ್ಲೂ ತಲೆಬಾಗಿಲಿನಂಥ ಊರು.

ಸೊರಬದ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೋ ಗುಡಿಯ ಹಿಂದೆಯೋ ವೀರಗಲ್ಲುಗಳ ನಡುವೆ ಮಾಸ್ತಿಕಲ್ಲು ಸಿಗುತ್ತದೆ. ಕಂಬದಿಂದ ಹೊರಟ ಒಂದು ತೋಳು, ಮಡಿಸಿದ ಮೊಣಕೈ, ಎತ್ತಿದ ಅಂಗೈ, ಮಣಿಕಟ್ಟಿನಲ್ಲಿ ಒಡೆಯದ ಬಳೆ. ಹೆಸರಿಲ್ಲ, ಮುಖವಿಲ್ಲ. ಬಳೆ ತೊಟ್ಟ ಕೈ ಇದ್ದರೆ ಗಂಡನೊಂದಿಗೆ ಬೆಂಕಿಗೆ ಹೋದ ಹೆಣ್ಣು ಎಂದು ಅಕ್ಷರ ಬಾರದವರಿಗೂ ತಿಳಿಯುತ್ತಿತ್ತು. ಆ ಕಲ್ಲುಗಳ ಮುಂದೆ ನಿಂತಾಗ ಹೆಮ್ಮೆಗಿಂತ ಸಂಕಟವೇ ಹೆಚ್ಚು. ಒಬ್ಬ ಹೆಣ್ಣಿನ ಇಡೀ ಬಾಳಿನಿಂದ ಉಳಿದದ್ದು ತೋಳು ಮಾತ್ರ.

ಹನ್ನೆರಡನೇ ಶತಮಾನಕ್ಕೆ ಬಂದರೆ ಬಳ್ಳಿಗಾವಿಯ ಅಲ್ಲಮಪ್ರಭು, ಉಡುತಡಿಯ ಅಕ್ಕಮಹಾದೇವಿ, ಹಿರೇಜಂಬೂರಿನ ಸತ್ಯಕ್ಕ, ಮೂವರೂ ಈಗಿನ ಶಿಕಾರಿಪುರ ತಾಲ್ಲೂಕಿನವರೇ. ಶರಣರಿಗೆ ಅಂಗೈಯೇ ಕ್ಷೇತ್ರವಾಯಿತು. ಇಷ್ಟಲಿಂಗ ಕೂರುವ ಜಾಗಕ್ಕೆ ಅವರು ಇಟ್ಟ ಹೆಸರು ಕರಸ್ಥಲ. ಕಾಲನ್ನು ಕಂಬವಾಗಿ, ದೇಹವನ್ನು ದೇಗುಲವಾಗಿ, ತಲೆಯನ್ನು ಕಳಶವಾಗಿ ಬಸವಣ್ಣ ಕಂಡದ್ದನ್ನು ಎ.ಕೆ. ರಾಮಾನುಜನ್ 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ದ ಮೂಲಕ ಇಂಗ್ಲಿಷ್ ಓದುಗರ ಮುಂದಿಟ್ಟರು. ಗುಡಿ ಕಟ್ಟುವವರು ಬಸವಣ್ಣನಿಗೂ ಮೊದಲೇ ಕಲ್ಲಿಗೆ ಮೈಯ ಹೆಸರುಗಳನ್ನು ಕೊಟ್ಟಿದ್ದರು. ಬಳ್ಳಿಗಾವಿಯ ಕೇದಾರೇಶ್ವರ ತ್ರಿಕೂಟ ದೇವಾಲಯಕ್ಕೆ ಹೋದಾಗ ಲಿಂಗವಿರುವ ಕೋಣೆಯನ್ನು ಗರ್ಭಗುಡಿ ಎನ್ನುತ್ತೇವೆ. ಅದರ ಮುಂದೆ ಚಾಚಿಕೊಂಡದ್ದು ಸುಕನಾಸಿ, ಅಂದರೆ ಗಿಳಿಯ ಮೂಗು. ಗೋಡೆಗೆ ಶಿಲ್ಪಶಾಸ್ತ್ರದ ಹೆಸರು ಜಂಘಾ, ಅಂದರೆ ಕಣಕಾಲು, ಶಿಖರದ ಕೆಳಗಿನ ಕಿರಿದಾದ ಭಾಗ ಗ್ರೀವ ಎಂದರೆ ಕುತ್ತಿಗೆ. ಸೊರಬದ ಕುಬಟೂರಿನ ಕೈಟಭೇಶ್ವರನ ಗುಡಿಯಲ್ಲೂ ಇದೇ ಪದಗಳು. ಗುಡಿಗೆ ಹೋಗಿ ಬಂದವರು ಒಂದು ಮೈಯೊಳಗೆ ಹೊಕ್ಕು ಬಂದಂತೆ.

ಈಗ ಒಳಗಿನ ಅಂಗಗಳಿಗೆ ಬರೋಣ. ಇಂಗ್ಲಿಷಿಗೂ ಕನ್ನಡಕ್ಕೂ ನಿಜವಾದ ದಾರಿ ಕವಲೊಡೆಯುವುದು ಅಲ್ಲಿ.

ಇಂಗ್ಲಿಷಿನಲ್ಲಿ ಪ್ರೀತಿ, ದುಃಖ, ಧೈರ್ಯ, ನೆನಪು ಇಷ್ಟನ್ನೂ ಹೊತ್ತಿರುವುದು ಹಾರ್ಟ್. ಪದ್ಯ ಕಲಿತರೆ ‘ಬೈ ಹಾರ್ಟ್’, ದುಃಖವಾದರೆ ‘ಹಾರ್ಟ್‌ಬ್ರೋಕನ್’, ಹೆದರಿದರೆ ಹೃದಯ ಬಾಯಿಗೆ ಬರುತ್ತದೆ. ಕನ್ನಡ ಈ ಭಾರವನ್ನು ಹಂಚಿಕೊಟ್ಟಿದೆ. ಪದ್ಯ ನಮಗೆ ಬಾಯಿಪಾಠ, ಇಲ್ಲವೇ ಕಂಠಪಾಠ. ಧೈರ್ಯ ಎದೆಗೆ ಸೇರಿದ್ದು, ಕೋಪ ನೆತ್ತಿಗೆ ಏರುವಂಥದ್ದು. ಪ್ರೀತಿಯ ಆಳದ್ದು, ಬಿಡಿಸಲಾರದ್ದು ಏನಿದೆಯೋ ಅದು ಕರುಳಿಗೆ ಸೇರಿತು. ಮಗ ದೂರದೂರಿಗೆ ಹೊರಟು ನಿಂತಾಗ ತಾಯಿಗೆ ಕರುಳು ಕಿತ್ತು ಬರುತ್ತದೆ. ಅನಾಥ ಮಗುವನ್ನು ಕಂಡಾಗ ಕರುಳು ಚುರ್ ಎನ್ನುತ್ತದೆ. ಹೆತ್ತ ಮಗು ಕರುಳ ಕುಡಿ. ಎಷ್ಟೋ ವರ್ಷ ಕಾಣದವರು ಎದುರಾದಾಗ ಕಣ್ಣರಿಯದಿದ್ದರೂ ಕರುಳರಿಯದೇ ಎಂದು ಹಿರಿಯರು ಹೇಳುತ್ತಾರೆ. ರಸ್ತೆಯಲ್ಲಿ ಮಗು ಬಸ್ಸಿಗೆ ಅಡ್ಡ ಬಂದು ಉಳಿದುಕೊಂಡಾಗ ನೋಡಿದವಳ ಬಾಯಿಗೆ ಬಂದದ್ದು ಹೃದಯವಲ್ಲ, ಕರುಳೇ. ಇಂಗ್ಲಿಷಿನಲ್ಲೂ ಕರುಳಿಗೆ ಪದವಿದೆ, ‘ಗಟ್ಸ್’. ಆದರೆ ಅಲ್ಲಿ ಅದಕ್ಕೆ ಸಿಕ್ಕಿದ್ದು ಎದೆಗಾರಿಕೆಯ ಕೆಲಸ. ‘ಅವನಿಗೆ ಗಟ್ಸ್ ಇದೆ’ ಎಂಬುದನ್ನು ‘ಅವನಿಗೆ ಕರುಳಿದೆ’ ಎಂದು ಕನ್ನಡಕ್ಕೆ ತಂದರೆ ಗಟ್ಟಿಗ ಹೋಗಿ ಮಮತೆಯವನು ಬಂದು ನಿಲ್ಲುತ್ತಾನೆ.

ಹೊಟ್ಟೆಯದು ಇನ್ನೂ ದೊಡ್ಡ ಸಂಸಾರ. ದುಡಿಮೆ ಹೊಟ್ಟೆಪಾಡು. ಮತ್ಸರ ಹೊಟ್ಟೆಕಿಚ್ಚು. ಷೇಕ್ಸ್‌ಪಿಯರ್ ‘ಒಥೆಲೊ’ ನಾಟಕದಲ್ಲಿ ಮತ್ಸರಕ್ಕೆ ಹಸಿರು ಕಣ್ಣು ಕೊಟ್ಟ, ನಮ್ಮವರು ಅದನ್ನು ಒಲೆಯಂತೆ ಹೊಟ್ಟೆಯೊಳಗೆ ಹೊತ್ತಿಸಿದರು. ತಪ್ಪು ಮಾಡಿದ ಕಿರಿಯ ಹಿರಿಯರೆದುರು ‘ನಂದು ತಪ್ಪಾತು, ಹೊಟ್ಟೆಗೆ ಹಾಕ್ಕೊಳ್ರಿ’ ಎಂದು ಬೇಡಿಕೊಳ್ಳುತ್ತಾನೆ. ಕ್ಷಮೆ ಎಂದರೆ ಇನ್ನೊಬ್ಬರ ತಪ್ಪನ್ನು ನುಂಗಿ ಅರಗಿಸಿಕೊಳ್ಳುವುದು. ತಪ್ಪು ಇಲ್ಲವೆಂದಲ್ಲ, ಹೊಟ್ಟೆಯ ಬಿಸಿಯಲ್ಲಿ ಅದು ಕರಗಿಹೋಗಲಿ ಎಂದು. ಇಂಗ್ಲಿಷಿನ ‘ಐ ಕಾಂಟ್ ಸ್ಟಮಕ್ ಇಟ್’ ಎಂಬ ಮಾತು ಇದರ ದೂರದ ನೆಂಟ. ಸಹಿಸಲಾರದ್ದನ್ನು ಅವರೂ ಅರಗದ ತುತ್ತಾಗಿಯೇ ಕಾಣುತ್ತಾರೆ. ಎರಡು ಭಾಷೆಗಳು ಹೀಗೆ ದೂರದೂರದಿಂದ ಬಂದು ಒಂದೇ ಜಾಗದಲ್ಲಿ ಭೇಟಿಯಾಗುವುದನ್ನು ಮಕ್ಕಳಿಗೆ ತೋರಿಸಿದರೆ ಅವರು ಮರೆಯುವುದಿಲ್ಲ.

ಬಿಸಿ ಮತ್ತು ತಂಪಿನ ವಿಚಾರದಲ್ಲಂತೂ ಎರಡೂ ಭಾಷೆಗಳು ಬೆನ್ನಿಗೆ ಬೆನ್ನು ಹಾಕಿ ಕೂತಿವೆ. ಇಂಗ್ಲಿಷಿನಲ್ಲಿ ಹೃದಯ ಬೆಚ್ಚಗಿದ್ದರೆ ಒಳ್ಳೆಯವನು, ತಣ್ಣಗಿದ್ದರೆ ಕಟುಕ. ಸ್ವಾಗತ ಬೆಚ್ಚಗಿರಬೇಕು. ಅಲಕ್ಷ್ಯ ಮಾಡುವವರು ‘ಕೋಲ್ಡ್ ಶೋಲ್ಡರ್’ ತೋರಿಸುತ್ತಾರೆ, ಹಿಂಜರಿಯುವವನ ಪಾದ ತಣ್ಣಗಾಗುತ್ತದೆ. ನಮ್ಮ ಅಜ್ಜಿಯರು ಊಟ ಹಾಕಿದವರನ್ನು ಹರಸುವುದು ‘ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ’ ಎಂದು. ಮೊಮ್ಮಗನನ್ನು ಕಂಡರೆ ಅವರ ಕಣ್ಣು ತಂಪಾಗುತ್ತದೆ. ಸುಡುವುದೆಲ್ಲ ಇಲ್ಲಿ ಕೇಡು: ಹೊಟ್ಟೆ ಉರಿ, ಕಣ್ಣುರಿ, ತಲೆಬಿಸಿ. ಹಿಮ ಬೀಳುವ ದೇಶದಲ್ಲಿ ಬೆಂಕಿಯ ಹತ್ತಿರ ಕೂರಿಸುವುದು ಪ್ರೀತಿ, ಏಪ್ರಿಲ್ ಬಿಸಿಲಿನಲ್ಲಿ ಬಂದವನಿಗೆ ಬೆಲ್ಲ ನೀರು ಕೊಡುವುದು ಪ್ರೀತಿ. ಹವೆಯೇ ಮಾತನ್ನು ಹೀಗೆ ತಿದ್ದಿತೆಂದು ನಾನು ನಂಬುತ್ತೇನೆ. ಈಗ ಪತ್ರಿಕೆಗಳಲ್ಲಿ ‘ಬೆಚ್ಚಗಿನ ಸ್ವಾಗತ’ ಎಂದು ಓದಿದಾಗೆಲ್ಲ ನನಗೆ ಆ ಹೊಟ್ಟೆ ತಣ್ಣಗಿರಲಿ ಎಂಬ ಹರಕೆ ಕಳೆದುಹೋಗುತ್ತಿದೆಯಲ್ಲ ಎಂದು ನೋವಾಗುತ್ತದೆ.

ಪಿತ್ತ ನೆತ್ತಿಗೇರುವುದಕ್ಕೂ ಇಂಗ್ಲಿಷಿನಲ್ಲಿ ಜೋಡಿ ಇದೆ. ಉದ್ಧಟತನವನ್ನು ಅವರು ‘ಗಾಲ್’ ಎನ್ನುತ್ತಾರೆ, ಅದೂ ಪಿತ್ತರಸವೇ. ಆಯುರ್ವೇದ ವಾತ, ಪಿತ್ತ, ಕಫಗಳಿಂದ ಮನುಷ್ಯನ ಸ್ವಭಾವವನ್ನು ಅಳೆದ ಹಾಗೆ ಗ್ರೀಕರ ವೈದ್ಯವೂ ದೇಹದ ನಾಲ್ಕು ರಸಗಳಿಂದ ಅಳೆಯಿತು. ವೈದ್ಯ ಬದಲಾಯಿತು, ಮಾತು ಉಳಿಯಿತು. ಉರ್ದುವಿನ ದಾರಿಯಲ್ಲಿ ನಮಗೆ ಬಂದ ‘ಜಿಗರಿ ದೋಸ್ತ್’ ಎಂಬುದರೊಳಗೆ ಯಕೃತ್ತು ಕೂತಿದೆ, ಜಿಗರ್ ಎಂದರೆ ಅದೇ. ಶಿರಾಳಕೊಪ್ಪದ ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು ಅದನ್ನು ಹೇಳುವಾಗ ಕನ್ನಡ, ಉರ್ದು ಎಂಬ ಗೆರೆ ಯಾರಿಗೂ ಕಾಣುವುದಿಲ್ಲ. ಇಂಗ್ಲಿಷಿನಲ್ಲಿ ಯಕೃತ್ತು ಬಿಳಿಚಿಕೊಂಡವನು ಹೇಡಿ.

ಎದೆಗಾರಿಕೆಗೆ ಕನ್ನಡದ ಅತ್ಯುತ್ತಮ ಪದ ಕೆಚ್ಚೆದೆ. ಕೆಚ್ಚು ಎಂದರೆ ಮರದ ನಡುವಿನ ಗಟ್ಟಿ ಭಾಗ. ಹೊರಗಿನ ಬಿಳಿ ಕಟ್ಟಿಗೆಗೆ ಹುಳ ಹಿಡಿಯುತ್ತದೆ, ಕೆಚ್ಚಿಗೆ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಗಂಧದ ಮರದಲ್ಲಿ ಪರಿಮಳವಿರುವುದೂ ಒಳಗಿನ ಕೆಚ್ಚಿನಲ್ಲೇ. ಕಾಡಿನ ನಡುವೆ ಬದುಕಿದವರು ಮಾತ್ರ ಹೀಗೊಂದು ಎದೆಯನ್ನು ಕಲ್ಪಿಸಬಲ್ಲರು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಅದರ ಬೆಲೆಯಾಗಿ 1943ರಲ್ಲಿ ಊರಿನ ಐವರು ಗಲ್ಲಿಗೇರಿದರು. ‘ಕೊರಳೊಡ್ಡಿದರು’ ಎಂದು ನಾವು ಬರೆಯುವಾಗ ಬೇರೆ ಕಡೆ ಅದು ಅಲಂಕಾರವಾಗಿರಬಹುದು, ಈಸೂರಿನ ವಿಷಯದಲ್ಲಿ ಅಕ್ಷರಶಃ ಸತ್ಯ.

ಮನುಷ್ಯನಿಗೆ ಇಲ್ಲದ ಅಂಗಗಳೂ ನಮ್ಮ ಮಾತಿನಲ್ಲಿವೆ. ದುಡ್ಡು ಬಂದವನಿಗೆ ಕೋಡು ಮೂಡುತ್ತದೆ. ಹೊಸದಾಗಿ ಬಂದು ಕಿತಾಪತಿ ಮಾಡುವವನಿಗೆ ‘ಇಲ್ಲಿ ಬಾಲ ಬಿಚ್ಚಬೇಡ’ ಎಂಬ ಎಚ್ಚರಿಕೆ. ಇವು ಕೊಟ್ಟಿಗೆಯಿಂದ ಬಂದವು. ದೀಪಾವಳಿಯ ನಂತರ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದೆ. ಕೊಬ್ಬರಿ ಸರ ಕಟ್ಟಿದ ಹೋರಿ ಅಖಾಡದಲ್ಲಿ ಮುಂಗಾಲಿನಿಂದ ನೆಲ ಕೆರೆಯುವುದನ್ನು ಒಮ್ಮೆ ನೋಡಿದವರಿಗೆ ‘ಕಾಲು ಕೆರೆದುಕೊಂಡು ಜಗಳಕ್ಕೆ ಬರುವುದು’ ಎಂದರೇನೆಂದು ಯಾರೂ ವಿವರಿಸಬೇಕಿಲ್ಲ. ಹಟಮಾರಿ ಮಗನಿಗೆ ಮದುವೆ ಮಾಡಿ ಮೂಗುದಾರ ಹಾಕುವುದು, ಕಷ್ಟಕ್ಕೆ ಹೆಗಲು ಕೊಡುವುದು, ದಾನ ಬಂದ ಹಸುವಿನ ಹಲ್ಲು ಎಣಿಸುವುದು, ಎಲ್ಲಕ್ಕೂ ದನವೇ ಮೂಲ. ಇಂಗ್ಲಿಷಿನವರು ಇದೇ ಹಲ್ಲಿನ ಮಾತನ್ನು ಕುದುರೆಯ ಮೇಲೆ ಕಟ್ಟಿದರು, ಮೂಗು ಹಿಡಿದು ನಡೆಸುವ ಮಾತು ಅವರಲ್ಲೂ ಇದೆ. ಆದರೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಜೋಡಿ ಕಡಿಮೆಯಾಯಿತು. ಇವತ್ತಿನ ಮಗು ಮೂಗುದಾರವನ್ನು ಮಾತಿನಲ್ಲಿ ಕೇಳುತ್ತದೆ, ಎತ್ತಿನ ಮೂಗಿನಲ್ಲಿ ನೋಡಿರುವುದಿಲ್ಲ. ನೋಡದ ಮಾತು ಒಂದು ತಲೆಮಾರು ನಡೆಯಬಹುದು, ಮುಂದೆ ನಡೆಯುವುದು ಕಷ್ಟ.

ಪುರಾಣದಿಂದ, ಇತಿಹಾಸದಿಂದ ಬಂದವೂ ಇವೆ. ಗ್ರೀಕ್ ವೀರ ಅಕಿಲೀಸನ ಹಿಮ್ಮಡಿ ಮಾತ್ರ ಬಾಣಕ್ಕೆ ಸಿಗುವಂತಿತ್ತು, ಹಾಗಾಗಿ ಇಂಗ್ಲಿಷಿನಲ್ಲಿ ಬಲಶಾಲಿಯ ದುರ್ಬಲ ಜಾಗಕ್ಕೆ ‘ಅಕಿಲೀಸ್ ಹೀಲ್’ ಎಂಬ ಹೆಸರು. ರನ್ನನ ಗದಾಯುದ್ಧವನ್ನು ಓದಿದವರಿಗೆ, ಯಕ್ಷಗಾನದಲ್ಲಿ ದುರ್ಯೋಧನನ ಕೊನೆಯನ್ನು ಕಂಡವರಿಗೆ ತೊಡೆ ನೆನಪಾಗುತ್ತದೆ. ಶಿಕ್ಷಕರು ಅಕಿಲೀಸನ ಕಥೆ ಹೇಳುವಾಗ ‘ನಮ್ಮ ದುರ್ಯೋಧನನ ತೊಡೆ ಇದ್ದಂತೆ’ ಎಂದು ಒಂದು ವಾಕ್ಯ ಸೇರಿಸಿದರೆ ಪಾಠ ಅಲ್ಲಿಗೇ ಮುಗಿಯಿತು. ‘ಟರ್ನ್ ಎ ಬ್ಲೈಂಡ್ ಐ’ ಎಂಬುದಕ್ಕೆ 1801ರ ಕೋಪನ್‌ಹೇಗನ್ ಕದನದ ಕಥೆಯೊಂದು ಅಂಟಿಕೊಂಡಿದೆ. ಹಿಂದೆ ಸರಿ ಎಂಬ ಸಂಕೇತ ಬಂದಾಗ ನೌಕಾಧಿಪತಿ ನೆಲ್ಸನ್ ದುರ್ಬೀನನ್ನು ತನ್ನ ಕಾಣದ ಕಣ್ಣಿಗೆ ಹಿಡಿದು, ಸಂಕೇತ ಕಾಣುತ್ತಿಲ್ಲ ಎಂದನಂತೆ. ಕನ್ನಡದಲ್ಲಿ ನಾವು ಕಂಡೂ ಕಾಣದಂತಿರುತ್ತೇವೆ.

ಅಂಗದ ಪದಗಳು ನುಡಿಗಟ್ಟಾಗಿ ನಿಲ್ಲದೆ ವ್ಯಾಕರಣದೊಳಗೂ ಇಳಿದಿವೆ. ‘ನನ್ನ ಕೈಲಾಗಲ್ಲ’ ಎನ್ನುವಾಗ ನಾವು ಕೈಯ ಬಗ್ಗೆ ಯೋಚಿಸುವುದೇ ಇಲ್ಲ, ಪರೀಕ್ಷೆ ಬರೆಯಲಾಗದಿದ್ದರೂ, ಹತ್ತು ಮೈಲಿ ನಡೆಯಲಾಗದಿದ್ದರೂ ಕೈಲಾಗಲ್ಲ. ಮಳೆಯ ಬೆನ್ನಲ್ಲೇ ಗಾಳಿ ಬರುತ್ತದೆ, ಹಬ್ಬಕ್ಕೆ ತಲಾ ನೂರು ರೂಪಾಯಿ ಎತ್ತುತ್ತಾರೆ. ಇಂಗ್ಲಿಷಿನ ‘ಅಹೆಡ್’ ಒಳಗೆ ಹೆಡ್ ಇದೆ, ‘ಬ್ಯಾಕ್’ ಎಂದರೆ ಬೆನ್ನೂ ಹೌದು, ಹಿಂದಕ್ಕೂ ಹೌದು. ಅಳತೆಗಳಂತೂ ಮೈಯಿಂದಲೇ ಹುಟ್ಟಿದವು. ಮಲ್ಲಿಗೆ ಇವತ್ತಿಗೂ ಮೊಳ, ಮಾರುಗಳಲ್ಲಿ ಮಾರಾಟವಾಗುತ್ತದೆ. ಗದ್ದೆಯಲ್ಲಿ ಗೇಣುದ್ದದ ಸಸಿ, ಹೊಂಡದಲ್ಲಿ ಆಳುದ್ದ ನೀರು, ದೇವರಿಗೆ ಬೊಗಸೆ ಅಕ್ಕಿ. ಕಾಲು ಎಂದರೆ ನಡೆಯುವ ಅಂಗವೂ ಹೌದು, ನಾಲ್ಕರಲ್ಲೊಂದು ಭಾಗವೂ ಹೌದು. ಸಂಸ್ಕೃತದ ಪಾದಕ್ಕೂ ಇದೇ ಎರಡರ್ಥ. ಇಂಗ್ಲಿಷಿನವರು ಜಾಗವನ್ನು ಫೂಟಿನಲ್ಲಿ, ಕುದುರೆಯ ಎತ್ತರವನ್ನು ಹ್ಯಾಂಡ್‌ಗಳಲ್ಲಿ ಅಳೆಯುತ್ತಾರೆ.

ಹೊಲ, ತೋಟ, ಅಡುಗೆಮನೆಯ ವಸ್ತುಗಳಿಗೂ ಮೈ ಕೊಟ್ಟಿದ್ದೇವೆ. ಕಬ್ಬಿನ ಬಿತ್ತನೆ ತುಂಡಿಗೆ ಕಣ್ಣಿರಬೇಕು, ಗರಗಸಕ್ಕೆ ಹಲ್ಲಿರಬೇಕು, ಒಲೆಗೆ ಬಾಯಿ, ಮಂಚಕ್ಕೆ ಕಾಲು, ಬಾಳೆಗೆ ಮೂತಿ, ಗುಡ್ಡಕ್ಕೆ ನೆತ್ತಿ. ಮಳೆಗಾಲದಲ್ಲಿ ವರದೆ, ದಂಡಾವತಿ ಮೈದುಂಬಿ ಹರಿಯುತ್ತವೆ. ಸೀಗಿ ಹುಣ್ಣಿಮೆಯ ಹೊತ್ತಿಗೆ ಭತ್ತ ತೆನೆ ಕಟ್ಟುವಾಗ ಈ ಸೀಮೆ ಭೂಮಿಯನ್ನೇ ಬಸುರಿ ಎಂದು ಕಾಣುತ್ತದೆ. ಆ ದಿನ ಭೂಮಿ ಹುಣ್ಣಿಮೆ. ದೀವರ ಮನೆಗಳ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆ ತುಂಬಿ ಕಳಿಸುತ್ತಾರೆ, ಬಸುರಿಯ ಬಯಕೆ ತೀರಿಸುವಂತೆ ಗದ್ದೆಗೆ ಬಡಿಸುತ್ತಾರೆ. ಅಮೆರಿಕದ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ‘ಮೆಟಫರ್ಸ್ ವಿ ಲಿವ್ ಬೈ’ ಬರೆದು, ರೂಪಕಗಳು ಕವಿಗಳ ಸೊತ್ತಲ್ಲ, ಸಾಮಾನ್ಯರ ದಿನದ ಯೋಚನೆಯೇ ಮೈಯ ಅನುಭವದಿಂದ ಕಟ್ಟಿದ ರೂಪಕಗಳ ಮೇಲೆ ನಿಂತಿದೆ ಎಂದು ವಾದಿಸಿದರು. ಬುಟ್ಟಿ ಹೊತ್ತು ಗದ್ದೆಗೆ ಹೋಗುವವರಿಗೆ ಆ ವಾದ ಹೊಸದೆನಿಸುವುದಿಲ್ಲ.

ಹಾಗೆಂದು ಇದ್ದದ್ದೆಲ್ಲ ಉಳಿಯಲಿ ಎಂದು ನಾನು ಹೇಳಲಾರೆ. ‘ನಾವೇನು ಕೈಗೆ ಬಳೆ ತೊಟ್ಟುಕೊಂಡಿದ್ದೇವಾ’ ಎಂಬ ಮಾತು ಇನ್ನೂ ಸಭೆಗಳಲ್ಲಿ ಕೇಳಿಬರುತ್ತದೆ. ಕೆಸರಿನಲ್ಲಿ ಬೆನ್ನು ಬಾಗಿಸಿ ಭತ್ತದ ಸಸಿ ನೆಡುವ, ರಾತ್ರಿಯೆಲ್ಲ ಕೂತು ಅಡಕೆ ಸುಲಿಯುವ ಕೈಗಳಲ್ಲಿ ಇರುವುದು ಬಳೆಗಳೇ. ಆ ಕೈಗಳನ್ನು ಹೇಡಿತನಕ್ಕೆ ಗುರುತು ಮಾಡುವ ಮಾತು ನಿಲ್ಲಬೇಕು. ಹೊಸದಾಗಿ ಬಂದ ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದು ಮನೆಯ ಪ್ರತಿ ಕೇಡನ್ನೂ ಅವಳ ಪಾದಕ್ಕೆ ಕಟ್ಟುವುದು ಕ್ರೌರ್ಯ. ಕುರುಡು, ಕಿವುಡು, ಕುಂಟು ಎಂಬುವನ್ನು ಬೈಗುಳವಾಗಿ ಬಳಸುವುದನ್ನೂ ಬಿಡಬೇಕು. ನೆಲ್ಸನ್ನನ ಕಣ್ಣಿನ ಮಾತಿನ ಬಗ್ಗೆ ಇಂಗ್ಲಿಷಿನಲ್ಲೂ ಇದೇ ಚರ್ಚೆ ನಡೆದಿದೆ. ಭಾಷೆಯನ್ನು ಪ್ರೀತಿಸುವವರೇ ಅದರ ಕಳೆ ಕೀಳಬೇಕು.

ಎರವಲಿನ ಬಗ್ಗೆ ನನಗೆ ದೂರಿಲ್ಲ. ‘ಕೈ ಜೋಡಿಸು’ ಎಂದರೆ ಹಿಂದೆ ನಮಸ್ಕರಿಸು, ಬೇಡಿಕೊ ಎಂದೇ ಅರ್ಥ, ಈಗ ಇಂಗ್ಲಿಷಿನ ನೆರಳಿನಲ್ಲಿ ಸಹಕರಿಸು ಎಂದೂ ಆಗಿದೆ. ‘ಕಾಲೆಳೆ’ ಮೊದಲು ಏಳಿಗೆಗೆ ಅಡ್ಡ ಬರುವುದಾಗಿತ್ತು, ಈಗ ತಮಾಷೆ ಮಾಡುವುದೂ ಹೌದು. ಹುಬ್ಬೇರಿಸುವುದು ಬಂದಿದೆ, ‘ಮುಖ ಉಳಿಸಿಕೊಳ್ಳುವುದು’ ಬಂದಿದೆ. ಈ ಕೊನೆಯ ಮಾತಿನ ‘ಮುಖ’ವನ್ನು ಇಂಗ್ಲಿಷ್ ಕೂಡ ಚೀನೀ ಭಾಷೆಯಿಂದ ಪಡೆದದ್ದು. ಹೊಸದು ಬರಲಿ. ಅದು ಬಂದಾಗ ಹಳೆಯದು ಜಾಗ ಬಿಡುವುದು, ಬಿಟ್ಟದ್ದು ಯಾರಿಗೂ ಗೊತ್ತಾಗದಿರುವುದು ಮಾತ್ರ ನಷ್ಟ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿ ಕೈ, ಕಣ್ಣು, ಬಾಯಿಗಳ ಅಡಿಯಲ್ಲಿ ಬಳಕೆಯ ಮಾತುಗಳೂ ಗಾದೆಗಳೂ ಸಾಲುಸಾಲಾಗಿವೆ. ದೂರದ ಜರ್ಮನಿಯಿಂದ ಬಂದವರು ಅಷ್ಟು ಶ್ರದ್ಧೆಯಿಂದ ಕೇಳಿ ಬರೆದುಕೊಂಡರು. ನಮ್ಮ ತಾಲ್ಲೂಕುಗಳ ಮಾತನ್ನು ನಾವೇ ಬರೆದುಕೊಳ್ಳಲು ಏನು ಅಡ್ಡಿ?

ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಮಕ್ಕಳು ಅಂಗಗಳ ಹೆಸರುಗಳನ್ನೆಲ್ಲ ಕಲಿತಿರುತ್ತಾರೆ, ನುಡಿಗಟ್ಟು ಬಂದಾಗ ಮಾತ್ರ ತಡವರಿಸುತ್ತಾರೆ. ಅದಕ್ಕೆ ಪರಿಹಾರ ದುಬಾರಿಯದೇನೂ ಅಲ್ಲ. ಹಲಗೆಯ ನಡುವೆ ಗೆರೆ ಎಳೆಯಿರಿ. ಒಂದು ಬದಿಗೆ ಮಕ್ಕಳು ಮನೆಯಲ್ಲಿ ಕೇಳಿದ ಕೈಯ ಮಾತುಗಳು, ಇನ್ನೊಂದು ಬದಿಗೆ ‘ಹ್ಯಾಂಡ್’ನ ಮಾತುಗಳು. ಯಾವುದು ಯಾವುದಕ್ಕೆ ಹೊಂದುತ್ತದೆ, ಯಾವುದು ತಿರುಗಿ ಬೀಳುತ್ತದೆ ಎಂದು ಅವರೇ ಗೆರೆ ಎಳೆದು ಸೇರಿಸಲಿ. ಮರುದಿನ ಹೊಟ್ಟೆ, ಅದರ ಮರುದಿನ ಕಣ್ಣು. ತಾಂಡಾದ ಹುಡುಗಿ ಲಂಬಾಣಿಯಲ್ಲಿ ಹೇಳಲಿ, ಪೇಟೆಯ ಹುಡುಗ ಉರ್ದುವಿನಲ್ಲಿ ಹೇಳಲಿ. ಮನೆಮಾತಿಗೆ ಹಲಗೆಯ ಮೇಲೆ ಜಾಗ ಸಿಕ್ಕ ದಿನ ಮಗು ಇಂಗ್ಲಿಷಿಗೂ ಹೆದರುವುದಿಲ್ಲ.

ಶಿಕಾರಿಪುರ ಮತ್ತು ಸೊರಬದ ಶಿಕ್ಷಕರಲ್ಲಿ, ಹೆತ್ತವರಲ್ಲಿ ನನ್ನ ಕೇಳಿಕೆ ಇಷ್ಟೇ. ನಿಮ್ಮ ಮನೆಯ, ಕೇರಿಯ ಹಿರಿಯರ ಬಳಿ ಕೂತು, ತಲೆಯಿಂದ ಉಗುರಿನವರೆಗೆ ಒಂದೊಂದೇ ಅಂಗದ ಹೆಸರು ಹೇಳಿ ಕೇಳಿ, ಅವರ ಬಾಯಿಂದ ಬಂದದ್ದನ್ನು ಅವರ ಉಚ್ಚಾರಣೆಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಊರಿನ ಹೆಸರು ಮತ್ತು ಬರೆದ ತಾರೀಕು ಹಾಕಿ. ಶಾಲೆಯ ಗ್ರಂಥಾಲಯದಲ್ಲಿ ಅದರ ಒಂದು ಪ್ರತಿ ಇರಲಿ. ಈ ಬೇಸಿಗೆ ರಜೆಯಲ್ಲೇ ಶುರು ಮಾಡಿ.